ಋಣ ತೀರಿದ ಕಡೆ

ಸಿರಿಂಜಿನೊಳಗೆ ಅದು ನೀರಿನ ಹಾಗೇ ಇದೆ.
ಬಣ್ಣ ಎಂದು ಕರೆಯುವುದು ನಮ್ಮ ರೂಢಿ.
"ಇದಕ್ಕೆ ಬಣ್ಣವೇ ಇಲ್ಲವಲ್ಲ ಬಾಯಮ್ಮ"
ತೋಳು ಚಾಚಿ ಹಸನಬ್ಬ ನಗುತ್ತಾರೆ.
ಮುಹರಕ್ಕಿನ ಆಗಸ್ಟ್. ಬೆಳಿಗ್ಗೆ ಏಳಕ್ಕೇ
ಕಿಟಕಿಯ ಹೊರಗಾಜು ಬೆವೆತಿದೆ.
ವಿಮಾನವೊಂದು ನಮ್ಮ ತಾರಸಿಗೆ ಹೊಟ್ಟೆ ತಾಗಿಸುವಂತೆ ಇಳಿಯುತ್ತದೆ.

ಇಪ್ಪತ್ತಾರು ವರ್ಷ ಮೊಣಕಾಲೂರಿ ಟೈಲ್ಸ್ ಹಾಕಿದವರು.
ಈಗ ನಮಾಜಿಗೆ ಕುರ್ಚಿ.
ಕಣ್ಣಿಗೆ ಕಬ್ಬಿಣದ ಚೂರು ಬಿದ್ದದ್ದುಂಟೇ, ಕೇಳುತ್ತೇನೆ,
ಅಯಸ್ಕಾಂತದ ಕೋಣೆಗೆ ಹೋಗುವ ಎಲ್ಲರನ್ನೂ ಕೇಳುವಂತೆ.
ಕಲ್ಲಿನ ಹುಡಿ ಬಿದ್ದದ್ದುಂಟು, ಕಬ್ಬಿಣ ಇಲ್ಲ.
ಜೇಬು ಬರಿದು ಮಾಡಿ ಎಂದರೆ
ಟ್ರೇಗೆ ಉದುರಿದವು ಎರಡು ದಿನಾರ್, ಮಡಚಿದ ಚೀಟಿ,
ಟೈಲಿನ ಸಂದಿಗಿಡುವ ಬಿಳಿ ಪ್ಲಾಸ್ಟಿಕ್ ಚೂರುಗಳು,
ಒಂದೊಂದೂ ಒಂದೊಂದು ಧನಚಿಹ್ನೆ.

ಸೂಜಿ ತೆಗೆದು, ಹತ್ತಿ ಒತ್ತಿ ಹೇಳಿದೆ:
ಇನ್ನು ಹತ್ತು ನಿಮಿಷ ನಡೆಯಬೇಕು.
ಯಾಕೆ?
ತೊರಕೆ ಮೀನು ತಿಂದಿದ್ದೀರಲ್ಲ,
ಅಗಿದಾಗ ಕರಕ್ ಎನ್ನುವ ಅದರ ಮುಳ್ಳು,
ಅಂಥದ್ದೇ ನಿಮ್ಮ ಮೊಣಕಾಲ ಒಳಗೂ. ಮೃದ್ವಸ್ಥಿ.
ಅದಕ್ಕೆ ರಕ್ತನಾಳ ಇಲ್ಲ, ನರ ಇಲ್ಲ.
ಹೆಜ್ಜೆ ಇಟ್ಟಾಗ ಹಿಂಡಿ, ಎತ್ತಿದಾಗ ಹೀರಿ
ಸ್ಪಂಜಿನ ಹಾಗೆ ಬದುಕುತ್ತದೆ.
ನೀವು ನಡೆದರೇ ಬಣ್ಣಕ್ಕೆ ಅಲ್ಲಿಗೆ ದಾರಿ.

ನಡೆದರು. ನಾನೂ ಜೊತೆಗೆ, ಗಡಿಯಾರ ನೋಡುತ್ತ.
ಅವರ ಕೋಲು ನೆಲ ಕುಟ್ಟುತ್ತ ಹೋಯಿತು
ಟಕ್ ಟಕ್ ಟಕ್
ಎಕ್ಸ್‌ರೇ ಕೋಣೆ ದಾಟಿ, ನೀರಿನ ಕ್ಯಾನಿನ ಹತ್ತಿರ
ಟೊಳ್.
ನಿಂತರು. ಇನ್ನೊಮ್ಮೆ ಕುಟ್ಟಿದರು. ಟೊಳ್.
"ಇದರಡಿ ಸಿಮೆಂಟು ಕೂತಿಲ್ಲ.
ಮೇಲಿಂದ ನೋಡಿದರೆ ಕನ್ನಡಿ.
ನಾಳೆ ಸ್ಟ್ರೆಚರಿನ ಚಕ್ರ ಹತ್ತಿ ಬಿರುಕು ಬಿಟ್ಟರೆ
ಎಲ್ಲರೂ ಟೈಲಿಗೆ ಬೈಯುತ್ತಾರೆ."
ಯಾರು ಹಾಕಿದ್ದು, ಕೇಳಿದೆ.
"ನಾನಲ್ಲ" ಎಂದರು, ತುಸು ಬೇಗನೇ.

ಆಮೇಲೆ ತೊಂಬತ್ತು ನಿಮಿಷ ಕಾಯುವುದು.
ಇಂಗ್ಲಿಷಿನಲ್ಲಿ ಕಲಿತದ್ದನ್ನು ತಡವರಿಸುತ್ತ ಕನ್ನಡಕ್ಕೆ ತಂದೆ:
ಗಟ್ಟಿ ಮೃದ್ವಸ್ಥಿಯ ತುಂಬ ಋಣ ವಿದ್ಯುತ್ತು.
ಈ ಔಷಧದ್ದೂ ಋಣವೇ.
ಋಣ ಋಣವನ್ನು ಹತ್ತಿರ ಸೇರಿಸದು.
ಋಣ ತೀರಿದ ಕಡೆಗೇ ಇದು ಹೋಗಿ ಕೂರುತ್ತದೆ,
ಚಿತ್ರದಲ್ಲಿ ಆ ಜಾಗ ಕೆಂಪು.

ಬಹಳ ಹೊತ್ತು ಮಾತಾಡಲಿಲ್ಲ.
ಋಣವೆಂದರೆ ಅವರಿಗೆ ವೀಸಾಕ್ಕೆಂದು ತಂದ ಸಾಲ,
ತೀರಿಸಲು ಹಿಡಿದ ಒಂಬತ್ತು ವರ್ಷ.
ರಾತ್ರಿ ಪಾಳಿಯವನು, ಇವರದೇ ಹಾಸಿಗೆಯಲ್ಲಿ ಹಗಲು ಮಲಗುತ್ತಿದ್ದವನು,
ಒಂದು ಮಧ್ಯಾಹ್ನ ಏಳದೇ ಹೋದಾಗ
ಕ್ಯಾಂಪಿನವರೆಲ್ಲ ಹೇಳಿದ್ದು, ಇಲ್ಲಿನ ನೀರಿನ ಋಣ ಇಷ್ಟೇ ಎಂದು.
"ಕಡಲು ಕುದಿಸಿ ಮಾಡಿದ ನೀರು ಬಾಯಮ್ಮ,
ಅದಕ್ಕೂ ಋಣ ಇರುತ್ತದಾ?"
ನನ್ನ ತರಬೇತಿಯಲ್ಲಿ ಅದು ಇರಲಿಲ್ಲ.

ಯಂತ್ರದೊಳಗೆ ಅಲುಗಾಡದೆ ಮಲಗಿದರು.
ಗೋಡೆ ಒಡೆಯುವ ಸದ್ದಿಗೆ ರೂಢಿಯಾದ ಕಿವಿ,
ಒಂದು ಸಲ ಗೊರಕೆಯೂ ಕೇಳಿಸಿತು.

ಅಧ್ಯಯನದಲ್ಲಿ ಅವರಿಗೆ ಹೆಸರಿಲ್ಲ, ಸಂಖ್ಯೆ ನಲವತ್ತೊಂದು.
ಚಿತ್ರ ತೋರಿಸಬಾರದೆಂದು ನಿಯಮ.
ಪರದೆಯನ್ನು ಅವರತ್ತ ತಿರುಗಿಸಿದೆ.
ಚಿಪ್ಪಿನ ಬೆನ್ನಿಗೆ ಕೆಂಪು,
ಅಂಚಿನಲ್ಲಿ ಉಗುರಗಲ ಉಳಿದ ನೀಲಿ.
ಕನ್ನಡಕ ಏರಿಸಿ, ಸಂದಿ ನೇರವಿದೆಯೇ ಎಂದು
ನೋಡುವವರ ಹಾಗೆ ತಲೆ ವಾಲಿಸಿ ನೋಡಿದರು.
"ಮೇಲಿಂದ ಗ್ರೌಟ್ ಸುರಿದರೆ?"
ನಾನು ಬಾಯಿ ತೆರೆಯುವ ಮೊದಲೇ
"ನಿಲ್ಲದು, ನನಗೂ ಗೊತ್ತು."
ಮತ್ತೆ, ಈ ಔಷಧ ಎಲ್ಲಿಗೆ ಹೋಗುತ್ತದೆ?
ನಾಳೆಯೊಳಗೆ ಮೂತ್ರದಲ್ಲಿ.
"ಹಾಗಾದರೆ ಕಡಲಿಗೆ" ಎಂದು ಎದ್ದರು.

ಧನಚಿಹ್ನೆಗಳನ್ನು ಎಣಿಸಿ ಜೇಬಿಗೆ ಹಾಕಿಕೊಂಡರು.
ನೀರಿನ ಕ್ಯಾನಿನ ಹತ್ತಿರ ಕೋಲು ಎತ್ತಿ ಹಿಡಿದು
ಕುಟ್ಟದೆ ದಾಟಿದರು.
ಬಾಗಿಲ ಬಳಿ ತಿರುಗಿ
"ರಂಜಾನ್ ತಿಂಗಳು, ಅಸರಿನ ಹೊತ್ತು,
ಗಾರೆ ಒಂದು ಬಾಂಡ್ಲಿ ಕಮ್ಮಿ ಬಿತ್ತು ಬಾಯಮ್ಮ" ಎಂದರು,
ಬಿಸಿಲಿಗೆ ಇಳಿದರು.